‘ಲೇಟ್’ ರುದ್ರಪ್ಪನ ಅಪೀಲು

ನನ್ನ ಇಂಗ್ಲಿಷನ್ನು ನಂಬಿ ಅರ್ಜಿ ಬರೆಸುವ ಗೆಳೆಯರೇ, ಕ್ಲಬ್ಬಿನ ಬೋರ್ಡಿಗೆ ಇದನ್ನು ಅಂಟಿಸುತ್ತಿರುವುದು ನಿಮ್ಮನ್ನು ನಗಿಸಲಿಕ್ಕಲ್ಲ.

ಇವತ್ತು ಮಧ್ಯಾಹ್ನ ನಮ್ಮ ಮಿಲ್ಲಿನ ರುದ್ರಪ್ಪ ಒಂದು ಲಕೋಟೆ ಹಿಡಿದು ನನ್ನ ಟೈಪ್‌ರೈಟರ್ ಮುಂದೆ ನಿಂತ. ಅವನ ತಾಯಿ ತೀರಿಕೊಂಡಾಗ ದಾಂಡೇಲಿಯಿಂದ ಅವನು ಹತ್ತಿದ ರೈಲುಗಾಡಿ ಅಳ್ನಾವರದಲ್ಲಿ ಅರ್ಧ ದಿನ ನಿಂತುಬಿಟ್ಟಿತ್ತು. ಧಾರವಾಡದ ಹತ್ತಿರದ ತನ್ನ ಊರನ್ನು ಅವನು ಮುಟ್ಟುವಷ್ಟರಲ್ಲಿ ತಾಯಿಯ ಮಣ್ಣು ಮುಗಿದಿತ್ತು. ಗಾಡಿ ತಡವಾಯಿತೆಂದರೆ ನಂಬದ ಅವನ ಅಕ್ಕ ಅಂದಿನಿಂದ ಅವನೊಂದಿಗೆ ಮಾತು ಬಿಟ್ಟಿದ್ದಾಳೆ. ರೈಲ್ವೆಗೆ ಪರಿಹಾರದ ಅರ್ಜಿ ಬರೆದುಕೊಟ್ಟವನು ನಾನೇ.

ಲಕೋಟೆಯಲ್ಲಿದ್ದ ರೈಲ್ವೆಯವರ ಉತ್ತರ ಓದಿದೆ. ಅರ್ಜಿ ತಿರಸ್ಕೃತವಾಗಿತ್ತು. ಮೃತರು ತಾವೇ ಸಹಿ ಮಾಡುವಂತಿಲ್ಲ, ವಾರಸುದಾರರು ಅರ್ಜಿ ಹಾಕಬೇಕು ಎಂದಿತ್ತು.

ಗಾಬರಿಯಾಗಿ ನನ್ನ ಪ್ರತಿ ತೆಗೆದು ನೋಡಿದೆ. ತಡವಾದದ್ದು ಎದ್ದು ಕಾಣಲಿ ಎಂದು, ಗಾಡಿಗೆ ಹಚ್ಚಬೇಕಾದ ‘ಲೇಟ್’ ಅನ್ನು ಅರ್ಜಿದಾರನ ಹೆಸರಿಗೇ ಹಚ್ಚಿದ್ದೆ: ‘ಲೇಟ್ ರುದ್ರಪ್ಪ’.

“ತಪ್ಪು ನಂದ ಐತಿ. ಅಪೀಲು ಮಾಡೂಣು, ಪರಿಹಾರ ಸಿಕ್ಕೇ ಸಿಗ್ತೈತಿ,” ಎಂದೆ.

“ರೊಕ್ಕ ಯಾರಿಗೆ ಬೇಕಾಗೇತ್ರಿ ಸಾಹೇಬ್ರ? ಗಾಡಿ ತಡ ಆಗಿತ್ತಂತ ಅವರು ಒಂದ್ ಸಾಲು ಬರದು ಕೊಟ್ರ ಸಾಕು. ಅಕ್ಕಗ ತೋರಸ್ತೇನಿ,” ಎಂದ. ಆಮೇಲೆ ಮೆಲ್ಲಗೆ ಹೇಳಿದ, “ಈ ಸಲ ನಾ ಜೀವಂತ ಅದೇನಿ ಅಂತ ಮೊದಲ ಬರೀರಿ.”

ಬರೆದೆ, ಕನ್ನಡದಲ್ಲಿ.

ತಾಯಿಯ ಮಣ್ಣಿಗೆ ಅವನು ತಡವಾಗಿ ಹೋದದ್ದು ಗಾಡಿಯ ದೆಸೆಯಿಂದ. ಅವನನ್ನೇ ಮಣ್ಣು ಮಾಡಿದ್ದು ಮಾತ್ರ ನನ್ನ ಇಂಗ್ಲಿಷು.