ಜೇಬಿನಲ್ಲಿದ್ದ ತಾಳಿ

ಕಾದ ಮರದ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಒಲೆಯ ಸೌದೆಯ ಮಾತು ಹೇಳುತ್ತಿಲ್ಲ. ಹಳೇ ತೇಗದ ಬಾಗಿಲಿನ ಮೇಲೆ ಪಾಲಿಶ್ ಪೇಪರ್ ಹಾಕಿದ ಮಿಷಿನ್ನು ಓಡಿಸಿದಾಗ ಏಳುತ್ತದಲ್ಲ, ಅದು. ಹುರಿಗಡಲೆ ಸ್ವಲ್ಪ ಸೀದ ಹಾಗಿರುತ್ತದೆ. ಹಳೇ ಬಣ್ಣದ ಪುಡಿಯೂ ಸೇರಿದರೆ ನಾಲಿಗೆಯ ಮೇಲೆ ಕಹಿ ಕೂರುತ್ತದೆ. ಹೋದ ತಿಂಗಳು ಬಂಗಾರಪೇಟೆಯಲ್ಲಿ ನನ್ನ ಮೊಮ್ಮಗಳು ರೂಪಾಳ ಮನೆಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಲೋಟ ಕೈಯಲ್ಲೇ ಉಳಿಯಿತು.

ರೂಪಾಳ ಗಂಡ ಮಂಜುನಾಥನದು ಹಳೇ ಬಾಗಿಲು, ಮಂಚ, ಬೀರುಗಳನ್ನು ಉಜ್ಜಿ ಪಾಲಿಶ್ ಮಾಡಿಕೊಡುವ ಕೆಲಸ. ಮನೆಯ ಪಕ್ಕದಲ್ಲೇ ಶೀಟಿನ ಶೆಡ್ಡು. ಮದುವೆಯಾಗಿ ಆರು ತಿಂಗಳಿಗೆ ರೂಪಾಳೂ ಆ ಕೆಲಸಕ್ಕೆ ಕೈಹಾಕಿದಳು. ಗಂಡ ಉಜ್ಜಿ ಕೊಡುತ್ತಾನೆ, ಇವಳು ಇನ್ನೊಂದು ಮಿಷಿನ್ನಿಗೆ ಉಣ್ಣೆಯ ಟೋಪಿಯಂಥದ್ದು ತೊಡಿಸಿ ಹೊಳಪು ಬರಿಸುತ್ತಾಳೆ. ಆವತ್ತು ಅವರ ಮುಂದಿದ್ದದ್ದು ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಕಡೆಯ ಯಾವುದೋ ಮನೆಯ ಎರಡು ಬಾಗಿಲು. ಒಂದಕ್ಕೆ ಮೇಲೆ ಹಸಿರು ಬಣ್ಣ, ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಇನ್ನೇನೋ. ಮಂಜುನಾಥ ಅದನ್ನು ಉಜ್ಜುತ್ತಾ, ನಡುನಡುವೆ ಗಡ್ಡಕ್ಕೆ ಮಾಸ್ಕ್ ಇಳಿಸಿಕೊಂಡು ಫೋನಿನಲ್ಲಿ ಯಾರಿಗೋ ‘ನಾಳೆ ಕೊಡ್ತೀನಿ ಸಾರ್’ ಎನ್ನುತ್ತಿದ್ದ. ಉಜ್ಜಿ ಮುಗಿಸಿದ್ದ ಇನ್ನೊಂದು ರೂಪಾಳ ಕೈಯಲ್ಲಿತ್ತು.

ನಾನು ನೋಡುತ್ತಿದ್ದದ್ದು ರೂಪಾಳನ್ನು. ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ, ಕೂದಲಿಗೆ ಟೋಪಿ. ವೈರು ಕಾಲಿಗೆ ಸಿಗದಂತೆ ಹೆಗಲ ಮೇಲಿಂದ ಬಿಟ್ಟುಕೊಂಡಿದ್ದಳು. ಟೋಪಿ ಬದಲಿಸುವಾಗ ಮೊದಲು ಪ್ಲಗ್ ಕಿತ್ತಳು. ಮಿಷಿನ್ನು ಸುತ್ತುವುದು ಪೂರ್ತಿ ನಿಂತ ಮೇಲೇ ಕೆಳಗಿಟ್ಟಳು. ನನಗೆ ಬೇಜಾರಾಯಿತು. ತಪ್ಪು ಹಿಡಿಯಲೆಂದೇ ಕುರ್ಚಿ ಹಾಕಿಕೊಂಡು ಕೂತ ಮುದುಕಿಗೆ ಒಂದಾದರೂ ತಪ್ಪು ಸಿಗಬೇಡವೇ?

ಸಿಕ್ಕಿತು. ಬಾಗಿಲಿನ ಕೆಳಭಾಗಕ್ಕೆಂದು ಅವಳು ಬಗ್ಗಿದಳು. ಚೂಡಿದಾರದ ಕತ್ತಿನೊಳಗೆ ಸಿಕ್ಕಿಸಿಕೊಂಡಿದ್ದ ತಾಳಿಯ ಸರ ಜಾರಿ ಈಚೆ ಬಂತು. ಉದ್ದನೆಯ ಚಿನ್ನದ ಸರ. ಸುತ್ತುತ್ತಿದ್ದ ಉಣ್ಣೆಯಿಂದ ಒಂದು ಗೇಣು ಮೇಲೆ ತೂಗಾಡತೊಡಗಿತು.

ನನ್ನ ಮಂಡಿ ಸಾಮಾನ್ಯವಾಗಿ ನಾನು ಹೇಳಿದ ಮಾತು ಕೇಳುವುದಿಲ್ಲ. ಅವತ್ತು ಕೇಳಿತು. ಎದ್ದು ಹೋಗಿ ಗೋಡೆಯ ಸ್ವಿಚ್ ತೆಗೆದೆ. ಎರಡೂ ಮಿಷಿನ್ನು ನರಳಿ ನಿಂತವು.

“ಅಜ್ಜೀ, ಕರೆಂಟ್ ಓಯ್ತಾ?” ಎಂದಳು ರೂಪಾ.

“ಕರೆಂಟ್ ಓಗಿಲ್ಲ ಕಣೇ. ನಾನೇ ತೆಗ್ದೆ. ಮೊದ್ಲು ಕತ್ತಲ್ಲಿರೋದ್ನ ತೆಗೀ.”

“ತಾಳೀನಾ?”

“ಇನ್ನೇನ್ ತಲೇನಾ? ತಲೇನ ಮಿಷಿನ್ನೇ ತೆಗೀತದೆ. ಅದುಕ್ಕೇ ಇದ್ನ ನೀನ್ ತೆಗೀ.”

ಒಳಗಿನಿಂದ ಅವಳ ಅತ್ತೆ ಪದ್ಮಮ್ಮ ಸೌಟು ಹಿಡಿದುಕೊಂಡೇ ಬಂದರು. “ಏನ್ ಮಾತೂಂತ ಆಡ್ತೀರಾ ದೊಡ್ಡಮ್ಮಾ! ಮದ್ವೆ ಆಗಿ ವರ್ಷ ತುಂಬಿಲ್ಲ. ಬಿಚ್ಚು ಅಂತ ಬಾಯಲ್ಲಿ ಎಂಗ್ ಬಂತು ನಿಮ್ಗೆ?”

“ಬಾಯಲ್ ಬರ್ದೆ ಕಾಲಲ್ ಬತ್ತದಾ?”

“ತಮಾಷೆ ಬೇಡಿ. ನಂಗಿರೋನು ಒಬ್ಬನೇ ಮಗ,” ಎಂದರು ಪದ್ಮಮ್ಮ. ಅಷ್ಟು ಹೇಳುವಾಗ ದನಿ ಇಳಿದುಹೋಯಿತು. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು, ಅವರಿಗೆ ಗೊತ್ತಾಗಲಿಲ್ಲ.

ಕೆಟ್ಟವರಲ್ಲ ಪದ್ಮಮ್ಮ. ನನಗೆ ಹಲ್ಲಿಲ್ಲವೆಂದು ಮುದ್ದೆಯನ್ನು ಬೇರೆ ಮೆತ್ತಗೆ ಮಾಡಿ ಕೊಡುವ ಹೆಂಗಸು. ಸೊಸೆ ಗಂಡಸರ ಮಿಷಿನ್ನು ಹಿಡಿದಾಗ ಬೀದಿಯವರು ಆಡಿಕೊಂಡರೆ, ‘ನಿಮ್ಮನೆ ಬಾಗಿಲೂ ತನ್ನಿ, ಮಾಡ್ಕೊಡ್ತಾಳೆ’ ಎಂದವರು. ಆದರೆ ತಾಳಿ ಸೊಸೆಯ ಕತ್ತಿನಲ್ಲಿದ್ದರೂ ಅವರಿಗೆ ಅದರಲ್ಲಿ ಕಾಣುತ್ತಿದ್ದದ್ದು ಮಗನ ಪ್ರಾಣ. ರೂಪಾ ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಸರವನ್ನು ಮತ್ತೆ ಒಳಗೆ ಸಿಕ್ಕಿಸಿಕೊಂಡಳು. ಸ್ವಿಚ್ಚಿನ ಮೇಲಿದ್ದ ನನ್ನ ಕೈ ತೆಗೆಯಲಿಲ್ಲ ನಾನು. ಕತೆ ಹೇಳಲೇಬೇಕಾಯಿತು. ಇಪ್ಪತ್ತು ವರ್ಷದ ಮೇಲಾಯಿತು, ಯಾರಿಗೂ ಹೇಳಿರಲಿಲ್ಲ. ಅವರಿಗೆ ನಿಂತುಕೊಂಡೇ ಚುಟುಕಾಗಿ ಹೇಳಿದೆ. ನಿಮಗೆ ಬಿಡುವಿದ್ದ ಹಾಗಿದೆ, ಉದ್ದಕ್ಕೇ ಹೇಳುತ್ತೇನೆ.

ಕ್ಯಾಸಂಬಳ್ಳಿ ಕಡೆಯ ಹಳ್ಳಿ ನಮ್ಮದು. ಮಳೆಗಾಲದಲ್ಲಿ ಯಾರದಾದರೂ ರಾಗಿ ಹೊಲದಲ್ಲಿ ಕೂಲಿ, ಉಳಿದ ದಿನ ಮೊಸಾಯಿಕ್ ನೆಲ ಉಜ್ಜುವ ಕೂಲಿ. ಬಂಗಾರಪೇಟೆಯಲ್ಲಾಗಲಿ ಕೆಜಿಎಫ್‌ನಲ್ಲಾಗಲಿ ಆಗ ಯಾರು ಮನೆ ಕಟ್ಟಿದರೂ ಮೊಸಾಯಿಕ್ಕೇ. ನಮ್ಮ ಯಜಮಾನ ದೊಡ್ಡ ಮಿಷಿನ್ನು ಹಿಡಿಯುತ್ತಿದ್ದ. ನಾನು ಮುಂದೆ ನೀರು ಸುರಿಯುತ್ತಾ, ಹಿಂದೆ ರಾಡಿ ಬಳಿಯುತ್ತಾ ಓಡಾಡುತ್ತಿದ್ದೆ. ಆ ಮಿಷಿನ್ನು ಮೂಗುದಾರವಿಲ್ಲದ ಎತ್ತಿನ ಹಾಗೆ. ಕೈ ಸಡಿಲ ಬಿಟ್ಟರೆ ಹೋಗಿ ಗೋಡೆಗೆ ಗುಮ್ಮುತ್ತಿತ್ತು. ಕೆಳಗೆಲ್ಲ ನೀರು, ನೀರಿನಲ್ಲಿ ನಮ್ಮ ಬರಿಗಾಲು, ಪಕ್ಕದಲ್ಲೇ ಕರೆಂಟಿನ ವೈರು. ವೈರು ನೆಲ ಮುಟ್ಟಬಾರದೆಂದು ಅವನು ಕಿಟಕಿಯ ಸರಳಿಗೆ ಕಟ್ಟಿ ಮೇಲಿನಿಂದ ಇಳಿಬಿಡುತ್ತಿದ್ದ. ಒಂದು ದಿನ ಕಟ್ಟುವುದನ್ನು ಮರೆತ. ನನ್ನ ಕಾಲು ಜುಮ್ಮೆಂದಿತು. ಈಚೆ ಹಾರಿ ಬಂದು, ಕೈಯಲ್ಲಿದ್ದ ಅಲ್ಯೂಮಿನಿಯಂ ಬಿಂದಿಗೆಯನ್ನು ಅವನ ಕಡೆ ಎಸೆದೆ. ಆಮೇಲೆ ಅವನು ಮರೆತದ್ದಿಲ್ಲ. ಬಿಂದಿಗೆಯ ಸೊಟ್ಟ ಮಾತ್ರ ಹಾಗೇ ಉಳಿಯಿತು.

ಆ ಕೆಲಸದ ಚಾಳಿ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಮದುವೆಗೆ ಹೋದರೆ ನಾನು ಹೆಣ್ಣು ಗಂಡನ್ನು ನೋಡುವುದಿಲ್ಲ, ಮಂಟಪದ ಮೂಲೆಗಳನ್ನು ನೋಡುತ್ತೇನೆ. ನಡುವೆ ಯಾರು ಬೇಕಾದರೂ ಹೊಳಪು ತರಬಹುದು. ಮೂಲೆ ನೋಡಿದರೆ ಗೊತ್ತಾಗುತ್ತದೆ ಕೆಲಸ ಮಾಡಿದವರು ಯಾರೆಂದು.

ದೊಡ್ಡ ಮಿಷಿನ್ನು ಮೂಲೆಗೆ ಹೋಗುತ್ತಿರಲಿಲ್ಲ. ಅಲ್ಲಿ ಹೆಂಗಸರು ಕಲ್ಲು ಹಿಡಿದು ಕೈಯಲ್ಲೇ ಉಜ್ಜಬೇಕಿತ್ತು. ಆಮೇಲೆ ಕೈಮಿಷಿನ್ನು ಬಂತು. ಬಂದ ವಾರ ಗಂಡಸರೆಲ್ಲ ನಾನು ತಾನು ಎಂದು ಹಿಡಿದರು. ಕುಕ್ಕರಗಾಲಿನಲ್ಲಿ ಕೂತು ಸೊಂಟ ಹಿಡಿದುಕೊಂಡ ಮೇಲೆ ‘ಇದು ಎಂಗಸ್ರಿಗೇ ಸರಿ’ ಎಂದು ನಮ್ಮ ಕೈಗೆ ಕೊಟ್ಟರು. ನಾವು ಸೆರಗು ಬಿಗಿದೆವು, ಕೂದಲು ಗಂಟು ಹಾಕಿದೆವು, ಗಾಜಿನ ಬಳೆ ತೆಗೆದು ಬುತ್ತಿಯ ಚೀಲದಲ್ಲಿಟ್ಟೆವು. ತಾಳಿ ಮಾತ್ರ ಯಾರ ತಲೆಗೂ ಬರಲಿಲ್ಲ. ಅದು ಮೈಗೆ ಹುಟ್ಟಿದ ಕಿವಿಮೂಗಿನ ಹಾಗೆ. ಕಿವಿಯನ್ನು ಯಾರಾದರೂ ತೆಗೆದಿಟ್ಟು ಕೆಲಸಕ್ಕೆ ಕೂರುತ್ತಾರೆಯೇ?

ನನ್ನ ಜೊತೆಗಾತಿ ನಾರಾಯಣಮ್ಮ ಒಂದು ಛತ್ರದ ಮೂಲೆಯಲ್ಲಿ ಬಗ್ಗಿ ಉಜ್ಜುತ್ತಿದ್ದಳು. ಅರಿಶಿನದ ದಾರ, ಅದರಲ್ಲಿ ತಾಳಿ, ಜೊತೆಗೆ ನಾಲ್ಕು ಪಿನ್ನು. ದಾರ ಹೋಗಿ ಮಿಷಿನ್ನಿಗೆ ಸುತ್ತಿಕೊಂಡಿತು. ಮುಖವನ್ನೇ ಎಳೆದುಕೊಂಡಿತು. ದಾರ ಹಳತಾಗಿದ್ದರಿಂದ ಪಟಕ್ಕೆಂದು ಹರಿಯಿತು, ಮಿಷಿನ್ನು ಗದ್ದ ಸೀಳಿ ಬಿಟ್ಟಿತು. ಚಿನ್ನದ ಸರವಾಗಿದ್ದರೆ ಹರಿಯುತ್ತಿರಲಿಲ್ಲ, ಕತ್ತು ಹೋಗುತ್ತಿತ್ತು. ಈಗ ಕೇಳಿ. ಅವಳು ಕಿರುಚಿದ್ದು ಗದ್ದಕ್ಕಲ್ಲ. “ನನ್ ತಾಳೀ! ನನ್ ತಾಳಿ ಎಲ್ಲೋಯ್ತ್ರೇ!” ಎಂದು ಪಕ್ಕದಲ್ಲಿದ್ದ ದೊಡ್ಡ ಮಿಷಿನ್ನಿನ ರಾಡಿಯಲ್ಲಿ ಮೊಣಕಾಲೂರಿ ತಡಕಾಡಿದಳು. ನಾವೂ ಐದು ಜನ ಹೆಂಗಸರು ಅವಳ ಜೊತೆ ಕೂತು ರಾಡಿಯಲ್ಲಿ ಕೈಯಾಡಿಸಿದೆವು. ಬಿಳಿ ರಾಡಿ ಅವಳ ಕೆಳಗೆ ಕೆಂಪಾಗುತ್ತಿತ್ತು. ಒಬ್ಬಳಾದರೂ ಅವಳ ಗದ್ದಕ್ಕೆ ಬಟ್ಟೆ ಒತ್ತಲಿಲ್ಲ. ನಾನೂ ಒತ್ತಲಿಲ್ಲ. ತಾಳಿ ಸಿಕ್ಕಿತು, ತೊಳೆದೆವು, ಕಣ್ಣಿಗೊತ್ತಿಕೊಂಡೆವು, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಾಲ್ಕು ಹೊಲಿಗೆ. ಅಂಥ ಬುದ್ಧಿವಂತರು ನಾವು.

ಸಂಜೆ ಬಸ್ಸಿಗೆ ಕಾಯುವಾಗ ನಮ್ಮ ಯಜಮಾನನಿಗೆ ಹೇಳಿದೆ, “ನಾಳೆಯಿಂದ ನಾನ್ ಇದ್ನ ಬಿಚ್ಚಿ ಮೊಳೆಗೆ ನೇತಾಕಿ ಕೆಲ್ಸ ಮಾಡ್ತೀನಿ. ನೀನ್ ಏನಾದ್ರೂ ಅನ್ಕೋ.”

ಅವನು ಬೀಡಿ ಎಳೆದು ಮುಗಿಸಿದ. “ನೀನೇನ್ ಮೊಳೆ ಎಂಡ್ತಿಯೇನೇ? ಇಲ್ಲಿ ತಾ. ನನ್ ಜೇಬಲ್ ಇರ್ತದೆ.”

ಮಾರನೇ ದಿನದಿಂದ ಹಾಗೇ ನಡೆಯಿತು. ಕೆಲಸಕ್ಕೆ ಕೂರುವ ಮೊದಲು ತಾಳಿ ಬಿಚ್ಚಿ ಖಾಲಿ ಬೆಂಕಿಪೆಟ್ಟಿಗೆಗೆ ಹಾಕಿ ಕೊಡುತ್ತಿದ್ದೆ. ಅವನು ಅಂಗಿಯ ಎಡಜೇಬಿನಲ್ಲಿಟ್ಟು ಪಿನ್ನು ಚುಚ್ಚಿಕೊಳ್ಳುತ್ತಿದ್ದ. ಜೊತೆಯವರು ಬಿಡುತ್ತಾರೆಯೇ? “ಏನಣ್ಣಾ, ನಮ್ಮನೇಲಿ ಪೂಜೆ ಐತೆ, ಅರಿಶಿನ ಕುಂಕುಮಕ್ಕೆ ಬತ್ತೀಯಾ?” “ಸೀರೆ ಕೊಟ್ರೆ ಬತ್ತೀನಿ ಕಣ್ಲಾ,” ಎನ್ನುತ್ತಿದ್ದ. ನಾರಾಯಣಮ್ಮನಿಗೂ ಹಾಗೇ ಮಾಡೆಂದೆ. “ನಿನ್ ಗಂಡ ಜೇಬಲ್ ಇಟ್ಕಂತಾನೆ, ನನ್ ಗಂಡ ಎಂಡದಂಗ್ಡೀಲಿ ಇಟ್ಬುಟ್ ಬತ್ತಾನೆ,” ಎಂದು ನಕ್ಕಳು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಆದರೂ ನಕ್ಕಳು.

ತಾಳಿಯ ವಿಷಯದಲ್ಲಿ ಇಷ್ಟು ಜಾಣರಾದೆವಲ್ಲ, ಧೂಳಿನ ವಿಷಯದಲ್ಲಿ ಆಗಲಿಲ್ಲ. ಕೈಮಿಷಿನ್ನಿಗೆ ನೀರು ಬಿದ್ದರೆ ಶಾಕ್ ಹೊಡೆಯುತ್ತದೆಂದು ಮೂಲೆಗಳನ್ನು ಒಣಗಿದ್ದಾಗಲೇ ಉಜ್ಜುತ್ತಿದ್ದೆವು. ಕೋಣೆಯೆಲ್ಲ ಹಿಟ್ಟಿನ ಗಿರಣಿಯ ಹಾಗಾಗುತ್ತಿತ್ತು. ಕೆಜಿಎಫ್‌ನ ಮೈಸೂರು ಮೈನ್ಸಿನಲ್ಲಿ ಚಿನ್ನದ ಗಣಿಗಿಳಿದಿದ್ದ ಮುದುಕರೊಬ್ಬರ ಮನೆಯಲ್ಲಿ ಕೆಲಸ ಮಾಡುವಾಗ ಅವರು ಬಾಗಿಲಲ್ಲಿ ನಿಂತು ತಮಿಳು ಬೆರೆಸಿ ಹೇಳಿದ್ದರು, “ಮೂಗು ಕಟ್ಟಪ್ಪಾ. ಉಳ್ಳೇ ಪೋನ ದೂಳು, ಒಳಗ್ ಓದ ದೂಳು, ತಿರುಗಿ ಈಚೆ ಬರಲ್ಲ.” ನಾನು ಸೆರಗು ಕಟ್ಟಿಕೊಂಡೆ. ನಮ್ಮ ಯಜಮಾನ ಟವೆಲ್ ಕಟ್ಟಿಕೊಂಡ, ಬೀಡಿ ಸೇದಲು ಇಳಿಸಿದ, ಮತ್ತೆ ಏರಿಸುವುದನ್ನು ಮರೆತ. ದಿನಾ ಅದೇ ಆಟ. ಕತ್ತಿನಲ್ಲಿ ತೂಗಾಡುವುದು ಕಣ್ಣಿಗೆ ಕಾಣುತ್ತದೆ, ಎದೆಗೆ ಇಳಿಯುವುದು ಕಾಣುವುದಿಲ್ಲ.

ಕೆಮ್ಮು ಹತ್ತಿತು. ಕೊನೆಯ ಎರಡು ವರ್ಷ ಮಂಚ ಬಿಟ್ಟು ಏಳಲಿಲ್ಲ. ನಾನು ಬೇರೆಯವರ ಜೊತೆ ಕೆಲಸಕ್ಕೆ ಹೋಗುತ್ತಿದ್ದೆ. ಬೆಳಿಗ್ಗೆ ಹೊರಡುವಾಗ ಅವನು ಮಲಗಿದ್ದಲ್ಲಿಂದಲೇ ಕೈ ಚಾಚುತ್ತಿದ್ದ. ಬೆಂಕಿಪೆಟ್ಟಿಗೆ ಕೊಟ್ಟು ಹೋಗುತ್ತಿದ್ದೆ. ಸಂಜೆ ಬಂದು ಈಸಿಕೊಂಡು ಕಟ್ಟಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಕೆಲಸದ ಜಾಗಕ್ಕೇ ಸುದ್ದಿ ಬಂತು. ಕಾಲಿನ ರಾಡಿಯನ್ನೂ ತೊಳೆಯದೆ ಓಡಿ ಬಂದೆ. ಕೂಡಿದ್ದ ಹೆಂಗಸರು ನನ್ನ ಮುಖ ನೋಡಲಿಲ್ಲ, ಕತ್ತು ನೋಡಿದರು. ಅವನ ಅಕ್ಕ ಎದೆ ಬಡಿದುಕೊಂಡಳು, “ನೋಡ್ರೇ, ಕತ್ತು ಬೋಳು! ದಿನಾ ಬಿಚ್ಚಿ ಬಿಚ್ಚಿ ನನ್ ತಮ್ಮನ್ನ ಮುಗ್ಸಿದ್ಲು!”

ನಾನು ಅವನ ಜೇಬಿನ ಪಿನ್ನು ತೆಗೆದೆ, ಬೆಂಕಿಪೆಟ್ಟಿಗೆ ತೆಗೆದೆ, ಎಲ್ಲರ ಮುಂದೆ ತಾಳಿ ಕಟ್ಟಿಕೊಂಡೆ. ಹನ್ನೊಂದನೇ ದಿನ ಅವರೇ ಬಿಚ್ಚಿದರು. ಪದ್ಧತಿ ಅವರದು, ಮಾಡಿಕೊಂಡರು. ಆಸ್ಪತ್ರೆಯಲ್ಲಿ ಮೊದಲೇ ಫೋಟೋ ಹಿಡಿದು ತೋರಿಸಿದ್ದರು, ಎದೆಯೊಳಗೆಲ್ಲ ಬಿಳಿ. ನನಗೆ ಗೊತ್ತಿತ್ತು. ಆದರೂ ಸುಳ್ಳು ಯಾಕೆ ಹೇಳಲಿ, ಅವನ ಅಕ್ಕನ ಆ ಮಾತು ಬಹಳ ದಿನ ನನ್ನನ್ನು ತಿಂದಿತು. ರೊಟ್ಟಿ ತಟ್ಟುವಾಗ ಕೈ ನಿಂತುಬಿಡುತ್ತಿತ್ತು. ಅದಕ್ಕೇ ನನ್ನ ಮಕ್ಕಳಿಗೂ ಈ ಕತೆ ಹೇಳಲಿಲ್ಲ.

ಶೆಡ್ಡಿನಲ್ಲಿ ಇದನ್ನೆಲ್ಲ ಚುಟುಕಾಗಿ ಹೇಳಿ ನಿಲ್ಲಿಸಿದಾಗ ಪದ್ಮಮ್ಮನ ಮುಖ ಬಿಳಿಚಿಕೊಂಡಿತ್ತು. “ಅಂಗಾದ್ರೆ... ಅವ್ರು ಓಗೇಬಿಟ್ರಲ್ಲ ದೊಡ್ಡಮ್ಮಾ,” ಎಂದರು. ಅವರ ಭಯಕ್ಕೆ ನಾನೇ ಸಾಕ್ಷಿ ಒದಗಿಸಿದ್ದೆ. ಮಾತು ಮರೆಸಬಹುದಿತ್ತು. ನನಗೆ ಅದು ಬರುವುದಿಲ್ಲ.

“ಓದ. ದೂಳು ಕುಡ್ದು ಓದ. ತಾಳಿ ಎಲ್ಲಿತ್ತು ಏಳು? ಅವ್ನ ಜೇಬಲ್ಲೇ ಇತ್ತು, ಎದೆ ಮೇಲೇ ಇತ್ತು. ಕಾಯೋದಾಗಿದ್ರೆ ಅದ್ಕಿಂತ ಅತ್ರ ಇನ್ನೆಲ್ಲಿರ್ಬೇಕಿತ್ತು ಪದ್ಮಮ್ಮಾ?”

ಪದ್ಮಮ್ಮ ಒಳಗೆ ಹೋದರು. ಅತ್ತೆ ಹೋದ ಬಾಗಿಲಿನ ಕಡೆ ನೋಡಿದ ರೂಪಾ, ತಲೆಯ ಮೇಲಿಂದ ಸರ ತೆಗೆದು ಗಂಡನ ಮುಂದೆ ಹಿಡಿದಳು. ಮಂಜುನಾಥ ಎದೆ ತಡವಿಕೊಂಡ. ಟೀ ಶರ್ಟು. ಜೇಬೇ ಇಲ್ಲ.

“ಅಲ್ಲೇ ಮೊಳೆಗೆ ಆಕ್ಲಾ?” ಎಂದ.

“ನಾನೇನ್ ಮೊಳೆ ಎಂಡ್ತಿಯಾ?” ಎಂದಳು ರೂಪಾ. ಇಬ್ಬರೂ ನಕ್ಕರು. ನಾನು ನಗಲಿಲ್ಲ, ಸೂಜಿ ದಾರ ಕೇಳಿದೆ.

ಹಳೇ ಅಂಗಿಯೊಂದರ ಜೇಬು ಕಿತ್ತು, ಟೀ ಶರ್ಟು ಬಿಚ್ಚಿಸಿಕೊಂಡು ಹೊಲಿಯಲು ಕೂತೆ. ಸೂಜಿಯ ಕಣ್ಣು ನನ್ನ ಕಣ್ಣಿಗೆ ಕಾಣಲಿಲ್ಲ. ದಾರವನ್ನು ಎಂಜಲು ಮಾಡಿ ಮಾಡಿ ಚುಚ್ಚುತ್ತಿದ್ದೆ. ಆಗ ಪದ್ಮಮ್ಮ ಈಚೆ ಬಂದರು. ಕೈಯಲ್ಲಿ ಸೌಟಿರಲಿಲ್ಲ. ಕಣ್ಣು ಒರೆಸಿಕೊಂಡಿದ್ದರು. ನನ್ನ ಪಕ್ಕ ಕೂತು ಸೂಜಿ ಕಿತ್ತುಕೊಂಡು ಒಂದೇ ಸಲಕ್ಕೆ ದಾರ ಪೋಣಿಸಿ ಕೊಟ್ಟರು. “ಮೇಲೊಂದ್ ಪಿನ್ನೂ ಆಕಿ. ಬಗ್ಗಿದ್ರೆ ಬಿದ್ದೋದಾತು,” ಎಂದರು.

ಆಮೇಲೆ ಎದ್ದು ಮಗನ ಹತ್ತಿರ ಹೋದರು. ಅವನು ಬನಿಯನ್ನಿನಲ್ಲಿ ನಿಂತು ಬಾಗಿಲಿನ ಪುಡಿ ಊದುತ್ತಿದ್ದ. ಮಾಸ್ಕು ಗಡ್ಡಕ್ಕೇ ತೂಗುಬಿದ್ದಿತ್ತು. ಮೀಸೆಯ ಮೇಲೆಲ್ಲ ಹಸಿರು ಧೂಳು.

“ಮೊದ್ಲು ಮೂಗ್ ಮುಚ್ಕಳ್ಳೋ ಮುಠ್ಠಾಳ,” ಎಂದು ಪದ್ಮಮ್ಮ ತಾವೇ ಮಾಸ್ಕನ್ನು ಮೇಲೆಳೆದು, ಮೂಗಿನ ಎರಡೂ ಕಡೆ ಬೆರಳಿನಿಂದ ಒತ್ತಿದರು.

ನನ್ನ ಕೈಯಲ್ಲಿ ಸೂಜಿ ನಿಂತಿತು. ಬೆಳಗಿನಿಂದ ಅವನು ನನ್ನ ಕಣ್ಣೆದುರೇ ಹಾಗೆ ನಿಂತಿದ್ದ. ಧೂಳಿನ ಕತೆ ಹೇಳಿದವಳು ನಾನು, ಅದಕ್ಕೆ ಗಂಡನನ್ನು ಕೊಟ್ಟವಳು ನಾನು. ಛತ್ರದ ರಾಡಿಯಲ್ಲಿ ಕೂತ ಹಾಗೆಯೇ ಈಗಲೂ ತಾಳಿಯನ್ನೇ ಹುಡುಕುತ್ತಾ ಕೂತಿದ್ದೆ. ಗದ್ದ ನೋಡಿದವರು ಪದ್ಮಮ್ಮ.

ಜೇಬು ಸ್ವಲ್ಪ ಸೊಟ್ಟ ಬಂತು. ಮಂಜುನಾಥ ತೊಟ್ಟುಕೊಂಡ, ರೂಪಾ ಸರ ಹಾಕಿ ಪಿನ್ನು ಚುಚ್ಚಿದಳು. ಎರಡೂ ಮಿಷಿನ್ನಿನ ಬಟನ್ ಆಫ್ ಆಗಿದೆಯೇ ಎಂದು ಎರಡು ಸಲ ಕೇಳಿ, ಪದ್ಮಮ್ಮನ ಮೂಗಿಗೂ ಸೆರಗು ಹಿಡಿಯಲು ಹೇಳಿ, ಗೋಡೆಯ ಸ್ವಿಚ್ ಹಾಕಿದೆ.