ಆಂಬ್ರೋಸ್ ಮಾವನ ಮುಖ್ತ್ಯಾರ್ ಪತ್ರ

ಡ್ರುಸಿಲ್ಲಾ ಆಂಬ್ರೋಸ್ ಮಾವನನ್ನು ಮೊದಲು ಕಂಡದ್ದು ಮದುವೆಯಾಗಿ ನ್ಯೂಫೌಂಡ್‌ಲ್ಯಾಂಡಿನ ಟರ್ನ್ ರಾಕ್ ಕೊಲ್ಲಿಗೆ ಬಂದ ಮಾರನೆಯ ಬೆಳಿಗ್ಗೆ. ಅತ್ತೆ ಅವಳನ್ನು ನೇರ ಮೀನು ಸೀಳುವ ಮೇಜಿಗೆ ಕಳಿಸಿದ್ದಳು. ಎದುರು ನಿಂತಿದ್ದ, ಊರೆಲ್ಲ ಮಾವ ಎಂದೇ ಕರೆಯುತ್ತಿದ್ದ ಪಕ್ಕದ ಮನೆಯ ಆಂಬ್ರೋಸ್, ಅವಳು ಕಾಡ್ ಮೀನಿನ ಬೆನ್ನುಮೂಳೆ ಬಿಡಿಸುವುದನ್ನು ನೋಡಿ, "ಕೈ ನಿಧಾನ. ಆದ್ರೆ ಮೂಳೇಲಿ ಚೂರೂ ಮಾಂಸ ಉಳಿದಿಲ್ಲ" ಅಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ.

ಐವತ್ತು ವರ್ಷ ಪಕ್ಕದ ಮನೆಯವರಾಗಿ ಕಳೆಯಿತು. ಅವಳ ಗಂಡ ತೀರಿಕೊಂಡ. ಮದುವೆಯೇ ಆಗದ ಮಾವನಿಗೆ ಎಂಬತ್ತೆರಡಾಯಿತು. ಒಂದು ದಿನ ಅವಳನ್ನು ಆಚೆ ದಡದ ವಕೀಲರ ಬಳಿ ಕರೆದೊಯ್ದು, ತನ್ನ ಹಣದ ವ್ಯವಹಾರಕ್ಕೆಲ್ಲ ಅವಳ ಹೆಸರಿಗೇ ಮುಖ್ತ್ಯಾರ್ ಪತ್ರ ಬರೆಸಿದರು.

"ಓದಿದವಳು ನಿಮ್ಮ ತಂಗಿ ಮಗಳಿದ್ದಾಳಲ್ಲ ಮಾವ. ನನಗೆ ನಾಲ್ಕಕ್ಷರ ಕೂಡಿಸೋಕೇ ಹೊತ್ತು ಹಿಡಿಯುತ್ತೆ."

"ಓದಿದವರು ಓದದೇ ಸಹಿ ಹಾಕ್ತಾರೆ, ಹುಡುಗೀ. ನೀನು ಒಂದೊಂದೇ ಅಕ್ಷರ ನೋಡ್ತೀಯ."

ಎಪ್ಪತ್ತರ ಹುಡುಗಿ ನಕ್ಕಳು.

ಒಂದು ಷರತ್ತಿತ್ತು. ಮಾವನಿಗೆ ಬುದ್ಧಿ ಸ್ಥಿಮಿತ ತಪ್ಪಿದೆಯೆಂದು ಡಾಕ್ಟರು ಬರೆದುಕೊಡುವವರೆಗೂ ಪತ್ರ ನಡೆಯುವುದಿಲ್ಲ. ಡಾಕ್ಟರಿಗೆ ಹೇಳುವವರು ಯಾರು? ಅದೂ ಅವಳೇ. ಪರೀಕ್ಷೆಯನ್ನು ಮಾವನೇ ಗೊತ್ತುಮಾಡಿದರು. ಪ್ರತಿ ಭಾನುವಾರ ಅವಳು, ಕಡಲಲ್ಲಿ ಅವರು ಮೀನು ಹಿಡಿಯುತ್ತಿದ್ದ ನೆಲೆಯ ಗುರುತು ಕೇಳಬೇಕು. ಸರಿಯುತ್ತರ ಇದು: ದೋಣಿಯಿಂದ ನೋಡಿದರೆ ಚರ್ಚಿನ ಗೋಪುರ ಬಿಳಿಬಂಡೆಯ ನೆತ್ತಿಗೆ ಬರಬೇಕು, ದೀಪಸ್ತಂಭ ಗುಡ್ಡದಿಂದ ಒಂದು ದೋಣಿಯಗಲ ಆಚೆ ಕಾಣಬೇಕು, ಅಲ್ಲಿ ಗಾಳ ಬಿಡಬೇಕು.

"ತಪ್ಪಿದ ದಿನ ಮರುಕಪಟ್ಟು ಸುಳ್ಳು ಹೇಳಿದ್ಯೋ, ನೋಡು ಮತ್ತೆ" ಅಂದಿದ್ದರು.

ಎರಡು ವರ್ಷ ತಪ್ಪಲಿಲ್ಲ. ಆಮೇಲೊಂದು ಭಾನುವಾರ ಮಾವ ಉತ್ತರ ಹೇಳುತ್ತ ಗೋಪುರವನ್ನು ಕರಿಬಂಡೆಯ ಮೇಲೆ ತಂದಿಟ್ಟರು. ಡ್ರುಸಿಲ್ಲಾ ಚಹಾ ಬಗ್ಗಿಸಿದಳು. ವಾರವೆಲ್ಲ ಲೆಕ್ಕ ಹಾಕಿದಳು. ಹೇಳಿದರೆ ಅವರ ದುಡ್ಡಿನ ಮೇಲೆ ಅವರ ಮಾತೇ ನಡೆಯದು. ಹೇಳದಿದ್ದರೆ ಅವರು ತನ್ನನ್ನು ನಂಬಿದ್ದೇ ಸುಳ್ಳಾದೀತು. ಮುಂದಿನ ಭಾನುವಾರ ಮತ್ತೆ ಕೇಳಿದಳು. ಮತ್ತೆ ಕರಿಬಂಡೆ.

"ಮಾವ, ತಪ್ಪಿತು."

"ಎಲ್ಲಿ?"

"ಬಿಳಿಬಂಡೆ ಬಿಟ್ಟು ಕರಿಬಂಡೆ ಅಂದ್ರಿ. ಹಾಗೆ ಹೋದ್ರೆ ದೋಣಿ ಒಡೆಯುತ್ತೆ."

ಮಾವ ಬ್ಯಾಂಕಿನ ಪುಸ್ತಕವನ್ನು ಮೇಜಿನ ಮೇಲೆ ಅವಳ ಕಡೆ ತಳ್ಳಿದರು. "ಫೋನ್ ಮಾಡು ಡಾಕ್ಟರಿಗೆ. ಚಹಾ ಆರ್ತಾ ಇದೆ, ಕುಡಿದು ಮಾಡು."

ಡಾಕ್ಟರು ಬರೆದುಕೊಟ್ಟ ಮೇಲೆ ಸಹಿ ಅವಳದು. ಆದರೂ ಬಂದ ಪ್ರತಿ ಬಿಲ್ಲನ್ನೂ ಅವರ ಹಾಸಿಗೆಯ ಪಕ್ಕ ಕೂತು, ಬೆರಳಿಟ್ಟು ಓದಿ ಹೇಳಿಯೇ ಕಟ್ಟುತ್ತಿದ್ದಳು.

"ಅವರಿಗೆ ಅರ್ಥ ಆಗತ್ತಾ, ಡ್ರುಸಿ ಅಮ್ಮ?" ಬ್ಯಾಂಕಿನ ಹುಡುಗಿ ಕೇಳಿದಳು.

"ಆಗದಿದ್ರೆ ದುಡ್ಡು ನನ್ನದಾಗುತ್ತಾ?"

ಆ ಅಕ್ಟೋಬರಿನಲ್ಲಿ ಚಳಿ ಬೇಗ ಇಳಿಯಿತು. ಮನೆ ಕಾಯಿಸುವ ಒಲೆಯ ಎಣ್ಣೆಯ ಬಿಲ್ಲು ಓದುತ್ತಿದ್ದಾಗ ಮಾವ ಕಣ್ಣು ತೆರೆದರು.

"ಇಷ್ಟೊಂದು ಎಣ್ಣೆ ಯಾರ ಮನೆಗೆ?"

"ಆಂಬ್ರೋಸ್ ಮಾವನ ಮನೆಗೆ."

ಅವರು ಯೋಚಿಸಿದರು. ಹೆಸರು ಎಲ್ಲೋ ಕೇಳಿದ ಹಾಗಿತ್ತು.

"ಆ ಮನುಷ್ಯ ಬೆಚ್ಚಗಿದ್ದಾನಾ?" ಅಂತ ಕೇಳಿದರು.