ನಾಲ್ಕು ನಿಂಬೆಹಣ್ಣಿನ ಅರ್ಜಿ

ಇವತ್ತು ಬೆಳಿಗ್ಗೆ ಗವಿಪುರದ ಗುಡಿಯ ಮುಂದೆ ನನ್ನ ಹೊಸ ಕಾರಿನ ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು, ಅರ್ಚಕರು "ಹೂಂ, ಮುಂದಕ್ಕೆ ಬಿಡಿ" ಅಂದರು. ನಾನು ಬಿಡಲಿಲ್ಲ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತ ಮನುಷ್ಯ ನಾನು. ಹಿಂದೆ ಯಾರಾದರೂ ನಿಂತಿದ್ದಾರೋ, ಹ್ಯಾಂಡ್‌ಬ್ರೇಕ್ ಇಳಿಸಿದ್ದೇನೋ, ಮನೆಯಲ್ಲಿ ಗ್ಯಾಸ್ ಆರಿಸಿ ಬಂದಿದ್ದೇನೋ ಎಂದು ಒಂದು ಸುತ್ತು ಯೋಚಿಸಿ ಮುಗಿಸುವಷ್ಟರಲ್ಲಿ, ಪಕ್ಕದಲ್ಲಿ ಪೂಜೆಗೆ ನಿಂತಿದ್ದ ಆಟೋ ತನ್ನ ಮೂರು ಹಣ್ಣನ್ನೂ ಪಚಕ್ಕೆಂದು ಹಿಸುಕಿ ಹೊರಟೇಹೋಯಿತು. ಕಿಟಕಿಯಿಂದ ಒಳಗೆ ಬಂದ ಆ ಹುಳಿವಾಸನೆ, ಸ್ವಲ್ಪ ಧೂಳು ಸ್ವಲ್ಪ ಕರ್ಪೂರ ಬೆರೆತದ್ದು, ನನ್ನನ್ನು ಸ್ಟೀರಿಂಗ್ ಮುಂದೆ ಕೂರಿಸಿಕೊಂಡೇ ಮೂವತ್ತು ವರ್ಷ ಹಿಂದಕ್ಕೆ ಕರೆದೊಯ್ದಿತು.

ನೀವು ತರಗುಪೇಟೆಯನ್ನು ಮಧ್ಯಾಹ್ನ ಮೂರು ಗಂಟೆಗೆ ನೋಡಿದ್ದೀರೋ ಇಲ್ಲವೋ. ಊಟ ಮುಗಿಸಿದ ಹಮಾಲರು ಗೋಣಿಚೀಲಗಳ ಮೇಲೆ ಒರಗಿರುತ್ತಿದ್ದರು. ಬಿಸಿಲುಕೋಲಿನಲ್ಲಿ ಬೇಳೆಯ ಧೂಳು ಮೇಲೂ ಏಳದೆ, ಕೆಳಗೂ ಇಳಿಯದೆ ನಿಂತಿರುತ್ತಿತ್ತು. ಇಡೀ ಪೇಟೆಯೇ ಯಾವುದೋ ದೊಡ್ಡ ಮೂಟೆಯೊಳಗೆ ನಿದ್ದೆ ಹೋಗಿದೆ ಅನ್ನಿಸುವ ಹೊತ್ತು ಅದು. ಅಲ್ಲೊಂದು ಲಾರಿ ಆಫೀಸಿನಲ್ಲಿ ನಾನು ರೈಟರ್. ಯಾವ ಊರಿಗೆ ಎಷ್ಟು ಮೂಟೆ ಹೋಯಿತು ಎಂದು ರಸೀದಿ ಬರೆಯುವ ಕೆಲಸ. ಮೂಟೆ ಬಿಚ್ಚಿ ನೋಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಸರಕು ಕಳಿಸುವ ಪಾರ್ಟಿ ಹೆಸರುಬೇಳೆ ಅಂದರೆ ಹೆಸರುಬೇಳೆ. ಅದಕ್ಕೇ ಪ್ರತಿ ರಸೀದಿಯ ಕೊನೆಗೆ ಒಂದು ಸಾಲು ಸೇರಿಸುತ್ತಿದ್ದೆವು: 'ವಿವರ ಪಾರ್ಟಿ ಹೇಳಿದ ಪ್ರಕಾರ. ನಾವು ಪರೀಕ್ಷಿಸಿಲ್ಲ.' ಹುಟ್ಟಾ ಆತಂಕದವನಾದ ನನಗೆ ಆ ಸಾಲು ಕೊಡುತ್ತಿದ್ದ ನೆಮ್ಮದಿಯನ್ನು ಯಾವ ದೇವರೂ ಕೊಟ್ಟಿಲ್ಲ. ಬಿಟ್ಟಿದ್ದರೆ ನನ್ನ ಲಗ್ನಪತ್ರಿಕೆಯ ಕೆಳಗೂ ಅದನ್ನೇ ಅಚ್ಚು ಹಾಕಿಸುತ್ತಿದ್ದೆ.

ನಮ್ಮ ಆಫೀಸಿನ ಹಿರಿಯ ಡ್ರೈವರ್ ಹನುಮಯ್ಯನವರು. ಮಿಲಿಟರಿಯಲ್ಲೂ ಲಾರಿಯನ್ನೇ ಓಡಿಸಿ, ಒಂದು ಯುದ್ಧ ನೋಡಿ, ಬಲಭುಜದಲ್ಲೊಂದು ಗುಳಿ ಮಾಡಿಸಿಕೊಂಡು ಬಂದವರು. ಅವರು ಬ್ರೇಕ್ ಹಾಕಿದರೆ ಎದುರಿಗಿಟ್ಟ ಟೀ ಲೋಟ ತುಳುಕುತ್ತಿರಲಿಲ್ಲ. ಪ್ರತಿ ಸಲ ಹೊರಡುವಾಗಲೂ ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಕಿಟಕಿ ಇಳಿಸಿ, ಕಣ್ಣು ಮುಚ್ಚಿ ಒಂದು ಗಜ ಮುಂದಕ್ಕೆ ಬಿಡುವರು.

"ಕಣ್ಣು ಮುಚ್ಕೊಂಡು ಬಿಡ್ತೀರಲ್ಲ ಹನುಮಯ್ಯನೋರೇ, ಯಾರಾದ್ರೂ ಅಡ್ಡ ಬಂದ್ರೆ?" ಅಂತ ನನ್ನ ಗೋಳು.

"ನಿಂಬೆಹಣ್ಣು ನೋಡೋದಲ್ಲ ರೈಟ್ರೇ, ಕೇಳೋದು. ನಾಲ್ಕೂ ಒಡೆದಿದ್ದು ಕೇಳಿಸ್ತು ಅಂದ್ರೆ ಗಾಡಿ ನಮ್ಮ ಕೈಲೈತೆ ಅಂತ."

ಅಂಥದ್ದೇ ಒಂದು ಮಧ್ಯಾಹ್ನ ಅವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಮಿಲಿಟರಿ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು. ಭುಜದ ಗಾಯದ ಎದುರು ಕಾರಣ ಬರೆದಿತ್ತು: ವಾಹನ ಅಪಘಾತ. ಯುದ್ಧದಲ್ಲಿ ಶತ್ರುವಿನಿಂದ ಗಾಯವಾದವರಿಗೆ ಒಂದು ಪದಕವಿದೆಯಂತೆ. ಅಪಘಾತಕ್ಕೆ ಏನೂ ಇಲ್ಲ. ದಾಖಲೆ ತಿದ್ದಿ ಪದಕ ಕೊಡಿ ಎಂದು ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದುಕೊಡಬೇಕು.

"ಅದು ಬಂದ್ರೆ ಪಿಂಚಣಿ ಏನಾದ್ರೂ ಜಾಸ್ತಿ ಆಗುತ್ತಾ?" ಅಂದೆ.

"ಪಿಂಚಣಿ ಯಾರಿಗೆ ಬೇಕು ಸ್ವಾಮಿ. ಆಕ್ಸಿಡೆಂಟ್ ಅಂತ ಬರ್ದವ್ರಲ್ಲ, ಅದು. ನಾನು ಇವತ್ತಿನವರೆಗೂ ಒಂದು ಸೈಕಲ್ಲಿಗೂ ತಗಲಿಸಿದೋನಲ್ಲ. ನಾನು ಸತ್ತ ಮೇಲೂ ಆ ಬುಕ್ಕು, ಹನುಮಯ್ಯ ಗಾಡಿ ಮಗುಚಿದ, ಹನುಮಯ್ಯ ಗಾಡಿ ಮಗುಚಿದ ಅಂತಾನೇ ಹೇಳ್ಕೊಂಡು ಕೂತಿರ್ತದೆ."

ಬರೆದೆ. ನಿಘಂಟಿನಲ್ಲಿದ್ದ ಗಂಭೀರವಾದ ಪದಗಳನ್ನೆಲ್ಲ ಆರಿಸಿ ಆರಿಸಿ ಬರೆದೆ. ಅರ್ಜಿ ಹೋಯಿತು. ಎಂಟು ತಿಂಗಳ ನಂತರ ಉತ್ತರ ಬಂತು. 'ಈ ವಿವರಗಳನ್ನು ಪರೀಕ್ಷಿಸಿಲ್ಲವೆಂದು ಅರ್ಜಿಯ ಕೊನೆಯಲ್ಲೇ ಹೇಳಿರುವುದರಿಂದ, ದಾಖಲೆ ತಿದ್ದಲು ಆಧಾರವಿಲ್ಲ.'

ಎರಡೆರಡು ಸಲ ಓದಿದೆ. ಪ್ರತಿ ತೆಗೆದು ನೋಡಿದರೆ, ಹೌದು, ಕೊನೆಯಲ್ಲಿ ನನ್ನ ಕೈ ತನ್ನಷ್ಟಕ್ಕೆ ತಾನೇ ಆ ಸಾಲನ್ನು ಇಂಗ್ಲಿಷಿನಲ್ಲಿ ಬರೆದು ಮುಗಿಸಿತ್ತು! ಹನುಮಯ್ಯನವರಿಗೆ ಇಂಗ್ಲಿಷ್ ಬಾರದು. "ಆಗಲ್ವಂತೆ" ಎಂದಷ್ಟೇ ಹೇಳಿದೆ. ಅವರು ತಲೆ ಆಡಿಸಿ, ಪುಸ್ತಕವನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹೋಗಿ ಲಾರಿ ಹತ್ತಿದರು. ಆ ದಿನ ನಿಂಬೆಹಣ್ಣು ಇಡಲಿಲ್ಲ.

ನನ್ನಿಂದ ತಡೆಯಲಾಗದೇ ಹೋದದ್ದು ಅದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೂರು ದಿನ ಅವರ ಲಾರಿ ಯಾವ ಘಾಟಿಯಲ್ಲಿ ಹೇಗಿದೆಯೋ ಎಂದು ಅನ್ನ ಸೇರಲಿಲ್ಲ. ವಾಪಸು ಬಂದವರ ಎದುರು ನಿಂತು ಒಪ್ಪಿಕೊಂಡುಬಿಟ್ಟೆ.

"ತಪ್ಪು ನಂದು. ರಸೀದಿ ಬರೆದೂ ಬರೆದೂ ಅಭ್ಯಾಸ... ಅರ್ಜೀಲೂ ಹಾಗೇ ಬರೆದ್ಬಿಟ್ಟಿದ್ದೀನಿ."

ಅವರು ಕೈಯಲ್ಲಿದ್ದ ಲಾರಿ ಕೀಲಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಮೀಸೆಯ ಕೆಳಗೆ ನಗು ಬಂತು. "ನನ್ನೂ ಮೂಟೆ ಅಂದ್ಕೊಂಡ್ರಾ ರೈಟ್ರೇ?" ಅಂಗಿಯ ಗುಂಡಿ ಬಿಚ್ಚಿ ಭುಜ ತೋರಿಸಿದರು. "ಆಯ್ತು, ಈಗ ಬಿಚ್ಚಿದೀನಿ. ನೋಡ್ಕೊಳಿ."

ಗೋಣಿಚೀಲದ ಮೇಲೆ ಕೂತು ಅವತ್ತು ಎಲ್ಲವನ್ನೂ ಹೇಳಿದರು. ಆ ಬೆಳಿಗ್ಗೆ ಅವರ ಲಾರಿಗೆ ಫಿರಂಗಿ ಗುಂಡು ತುಂಬಿದ್ದರು. ಮಿಲಿಟರಿ ಸ್ಟೋರಿನವನ ಹತ್ತಿರ ನಾಲ್ಕು ನಿಂಬೆಹಣ್ಣು ಕೇಳಿದರೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, ಆದರೂ ಕೊಟ್ಟ. ಒದ್ದೆ ನೆಲ. ಮೂರು ಹಣ್ಣು ಒಡೆದದ್ದು ಕೇಳಿಸಿತು. ನಾಲ್ಕನೆಯದು ಕೆಸರಿನಲ್ಲಿ ಹೂತುಹೋಯಿತೋ ಏನೋ, ಕೇಳಿಸಲಿಲ್ಲ. ಎರಡು ಮೈಲಿ ಹೋದ ಮೇಲೆ ಪಕ್ಕದಲ್ಲೇ ಶೆಲ್ ಬಿತ್ತು. ಸದ್ದು ನೆನಪಿಲ್ಲ, ಎಲ್ಲ ಬೆಳ್ಳಗಾದದ್ದು ಮಾತ್ರ ನೆನಪು ಅಂದರು.

"ಸ್ಟ್ರೆಚರ್ ಮೇಲೆ ಎಚ್ಚರ ಆಯ್ತು. ಏನಾಯ್ತಪ್ಪಾ ಅಂತ ಯಾರೋ ಕೇಳಿದ್ರು. ಗಾಡಿ ಕೆಡವಿಬಿಟ್ಟೆ ಸಾಬ್, ಮಾಫ್ ಮಾಡಿ, ಅಂದೆ. ಡ್ರೈವರ್ ಬಾಯಲ್ಲಿ ಇನ್ನೇನ್ ಬರ್ತದೆ? ಅವರು ಅದನ್ನೇ ಬರ್ಕೊಂಡ್ರು."

ಅಲ್ಲಿದ್ದ ರೈಟರೂ ನನ್ನ ಹಾಗೇ, ಪಾರ್ಟಿ ಹೇಳಿದ ಪ್ರಕಾರ ಬರೆದುಕೊಂಡಿದ್ದ.

"ಆ ಸ್ಟೋರಿನವರು ಈಗ ಎಲ್ಲಿದ್ದಾರೆ?"

"ಪಾಲ್ಘಾಟಲ್ಲಿ. ಹೊಸ ವರ್ಷಕ್ಕೆ ಕಾರ್ಡು ಹಾಕ್ತಾನೆ."

"ಅವರೇ ಸಾಕ್ಷಿ ಅಲ್ವಾ? ಮೊದಲೇ ಯಾಕೆ ಹೇಳ್ಲಿಲ್ಲ?"

"ಅವನಿಗೆ ಗೊತ್ತಿರೋದು ನಿಂಬೆಹಣ್ಣು. ನಿಂಬೆಹಣ್ಣಿನ ವಿಷಯ ಸರ್ಕಾರಕ್ಕೆ ಬರೀತಾರಾ?" ಅಂದು ನಾಚಿಕೊಂಡರು.

ಅವತ್ತೇ ಆ ಸ್ಟೋರಿನವನಿಗೆ ಬರೆದೆ. ಪಾಲ್ಘಾಟಿನಿಂದ ಹದಿನೈದು ದಿನದಲ್ಲೇ ಕಾಗದ ಬಂತು. ಸಾವಿರ ಡ್ರೈವರುಗಳ ಮುಖ ಮರೆತಿದ್ದೇನೆ, ಯುದ್ಧಕ್ಕೆ ಹೊರಟು ನಿಂಬೆಹಣ್ಣು ಕೇಳಿದವನನ್ನು ಹೇಗೆ ಮರೆಯಲಿ ಎಂದು ಬರೆದಿದ್ದ ಆ ಪುಣ್ಯಾತ್ಮ. 'ಶೆಲ್ ಬಿದ್ದ ಮರುದಿನ ಅವನ ಲಾರಿಯನ್ನು ನಮ್ಮ ಸ್ಟೋರಿನ ಅಂಗಳಕ್ಕೇ ಎಳೆತಂದರು. ಬಲಗಡೆಯ ಬಾಗಿಲು ಜರಡಿಯಾಗಿತ್ತು. ನಾನೇ ಕಣ್ಣಾರೆ ಕಂಡೆ' ಎಂದೂ ಸೇರಿಸಿದ್ದ.

ಎರಡನೆಯ ಅರ್ಜಿಯಲ್ಲಿ ನಿಘಂಟು ಮುಟ್ಟಲಿಲ್ಲ. ಜರಡಿಯಾದ ಬಾಗಿಲನ್ನೂ ಬರೆದೆ, ಸ್ಟ್ರೆಚರ್ ಮೇಲಿನ ಮಾತನ್ನೂ ಬರೆದೆ, ನಾಲ್ಕು ನಿಂಬೆಹಣ್ಣನ್ನೂ ಬಿಡಲಿಲ್ಲ. ಕೊನೆಯ ಸಾಲಿನ ಜಾಗಕ್ಕೆ ಬಂದಾಗ ಪೆನ್ನಿನ ಕ್ಯಾಪು ಹಾಕಿ, ಮತ್ತೆ ತೆಗೆದೆ. 'ಗಾಯವನ್ನು ನಾನು ನೋಡಿದ್ದೇನೆ, ಇದೆಲ್ಲ ನಿಜವೆಂದು ನಂಬಿದ್ದೇನೆ' ಎಂದು ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ಆಮೇಲೆ ಎಷ್ಟೋ ವಾರ ಖಾಕಿ ಬಟ್ಟೆಯವರು ಯಾರೇ ಪೇಟೆಗೆ ಬಂದರೂ ನನ್ನನ್ನು ಹಿಡಿದೊಯ್ಯಲೆಂದೇ ಬಂದರು ಅಂದುಕೊಂಡು ಮೂಟೆಗಳ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಒಮ್ಮೆ ಹಾಗೆ ಬಂದವನು ಪೋಸ್ಟ್‌ಮನ್.

ವರ್ಷ ಕಳೆದ ಮೇಲೆ ಒಂದು ಪುಟ್ಟ ಡಬ್ಬಿ ಬಂತು, ಜೊತೆಗೊಂದು ಕಾಗದ. ಹನುಮಯ್ಯನವರು ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ.

"ಆ ಮಾತು ತೆಗೆದವ್ರಾ, ಮೊದ್ಲು ಅದು ಹೇಳಿ."

"ತೆಗೆದಿದ್ದಾರೆ. ಶತ್ರುವಿನ ಶೆಲ್ಲಿನಿಂದ ಆದ ಗಾಯ ಅಂತ ಬರೆದಿದ್ದಾರೆ."

"ಇನ್ನೊಂದ್ಸಲ ಓದಿ."

ಮೂರು ಸಲ ಓದಿದೆ. ಆ ವರ್ಷದ ಆಯುಧಪೂಜೆಗೆ ಅವರು ಪದಕವನ್ನು ಎದೆಗೆ ಹಾಕಿಕೊಳ್ಳಲಿಲ್ಲ. ಚೆಂಡುಹೂವಿನ ಜೊತೆ ಲಾರಿಯ ಸ್ಟೀರಿಂಗಿಗೆ ಕಟ್ಟಿದರು. "ಅವತ್ತಿನ ಗಾಡಿ ಇದಲ್ಲವಲ್ಲ" ಎಂದು ನಾನು ತಗಾದೆ ತೆಗೆದೆ. "ಗಾಡಿ ಗಾಡೀನೇ ರೈಟ್ರೇ. ಅದಕ್ಕೂ ಮಾನ ಹೋಗಿತ್ತು" ಅಂದರು. ಇಡೀ ಮಧ್ಯಾಹ್ನ ಅದು ಬೇಳೆಧೂಳಿನ ಬಿಸಿಲಿನಲ್ಲಿ ಮೆಲ್ಲಗೆ ತೂಗುತ್ತಲೇ ಇತ್ತು.

"ಏನ್ರೀ, ನಿದ್ದೆ ಮಾಡ್ತಿದೀರಾ? ಹಿಂದೆ ನಾಲ್ಕು ಗಾಡಿ ಕಾಯ್ತಿವೆ!" ಪಕ್ಕದಲ್ಲಿ ಹೆಂಡತಿ.

ಕಿಟಕಿ ಪೂರ್ತಿ ಇಳಿಸಿದೆ. ಕಣ್ಣು ಪೂರ್ತಿ ಮುಚ್ಚುವ ಎದೆಗಾರಿಕೆ ನನಗೆಲ್ಲಿಂದ ಬರಬೇಕು, ಅರ್ಧ ಮುಚ್ಚಿದೆ. ಕಾರು ಒಮ್ಮೆ ಮುಗ್ಗರಿಸಿ ಉರುಳಿತು. ಒಂದು. ಎರಡು. ಮೂರು. ಅಷ್ಟರಲ್ಲಿ ಹಿಂದಿನವನು ಹಾರ್ನ್ ಒತ್ತಿದ.

"ಇಳಿದು ನೋಡಲ್ವಾ?" ಅಂದಳು ಅವಳು, ಬಾಗಿಲ ಹಿಡಿಕೆಯತ್ತ ಹೋಗಬೇಕಿದ್ದ ನನ್ನ ಕೈಯನ್ನು ನೋಡುತ್ತ. ನನ್ನನ್ನು ಬಲ್ಲವಳು.

"ಬೇಡ. ನಾಲ್ಕೂ ಕೇಳಿಸ್ತು" ಅಂದೆ, ಸೆಕೆಂಡ್ ಗೇರಿಗೆ ಹಾಕುತ್ತ.

ನಿಜವಾಗಿಯೂ ಕೇಳಿಸಿತೇ ಎಂದು ನೀವು ಕೇಳಬಹುದು. ಕೇಳಿಸಿತು. ಇದರ ಕೆಳಗೆ ರಸೀದಿಯ ಆ ಸಾಲಿಲ್ಲ.